ಇಪ್ಪತ್ತು ಕುಣಿಕೆ ಕಡಿಮೆ

ಬಾಕಿ ಉಳಿದ ಮೂರು ಹೆಣಿಗೆ ಮುಗಿಯದೆ ಹೊಸ ಸ್ವೆಟರಿಗೆ ಕೈ ಹಾಕಬಾರದು. ಹೊಸ ವರ್ಷದ ಈ ಸಂಕಲ್ಪ ಸಂಕ್ರಾಂತಿಯವರೆಗೂ ಬಾಳಲಿಲ್ಲ. ಧಾರವಾಡದಿಂದ ಬಂದ ಒಂದು ಫೋನು, ಮೇಲೇಳದ ಒಂದು ತೋಳು, ಐದು ಗಂಟಿನ ಒಂದು ದಾರ ಅದನ್ನು ಮುರಿದವು. ಮುರಿದ ಮೇಲೆ ಹೆಣಿಗೆ ಎಂದರೇನೆಂಬುದು ಹೊಸದಾಗಿ ತಿಳಿಯಿತು.

ಬೆಳಗಿನ ಆರೂವರೆ. ಮುಂಬಯಿಯ ಪವಾಯಿ ಕೆರೆಯ ಮೇಲೆ ಮಂಜು ಹಾಸಿಕೊಂಡಿದೆ. ಆಚೆ ದಡದ ಐಐಟಿಯ ಮರಗಳು ಮಸುಕು ಮಸುಕು. ದಂಡೆಯ ಕಾಲುದಾರಿಯಲ್ಲಿ ನಡೆಯಲು ಬಂದವರ ಮೈಮೇಲೆ ವರ್ಷಕ್ಕೆ ಮೂರು ವಾರ ಮಾತ್ರ ಕಪಾಟಿನಿಂದ ಹೊರಬೀಳುವ ಬಟ್ಟೆಗಳು. ಕಿವಿ ಮುಚ್ಚಿದ ಮಂಕಿ ಕ್ಯಾಪು. ನುಸಿಗುಳಿಗೆಯ ವಾಸನೆ ಇನ್ನೂ ಬಿಡದ ಮಫ್ಲರು. ಮೊಣಕೈ ಸವೆದ ಕಂದು ಸ್ವೆಟರು.

ಸೈಕಲ್ಲಿನ ಮೇಲೆ ಚಹಾ ಮಾರುವ ಹುಡುಗನ ಸುತ್ತ ನಾಲ್ಕೈದು ಹಿರಿಯರು ನಿಂತಿದ್ದಾರೆ. ಕಟಿಂಗ್ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದಾರೆ. ನನ್ನ ಕಣ್ಣು ಅವರ ಭುಜಗಳ ಮೇಲೆ. ಕೈಯಲ್ಲಿ ಹೆಣೆದದ್ದೋ ಯಂತ್ರದ್ದೋ ಎಂಬುದು ತೋಳು ಮೈಗೆ ಸೇರುವ ಜಾಗದಲ್ಲಿ ಗೊತ್ತಾಗಿಬಿಡುತ್ತದೆ. ಒಬ್ಬರ ಬೂದು ಸ್ವೆಟರಿನ ಎಡ ಭುಜದಲ್ಲಿ ಒಂದು ಸಾಲು ತಪ್ಪಿದೆ. ಮನೆಯಲ್ಲಿ ಯಾರೋ ಟಿವಿ ನೋಡುತ್ತಲೋ ಮಗುವನ್ನು ತೂಗುತ್ತಲೋ ಹೆಣೆದದ್ದು. ಆ ತಪ್ಪಿದ ಸಾಲನ್ನು ಹೊತ್ತು ಅವರು ಎಷ್ಟು ಚಳಿಗಾಲ ದಾಟಿದ್ದಾರೋ.

ಮನೆಗೆ ಬಂದು ದಿವಾನದ ಕೆಳಗಿನ ಬಟ್ಟೆಚೀಲ ಎಳೆದೆ. ಅದರೊಳಗೆ ನನ್ನ ಸಂಕಲ್ಪ ಕೂತಿತ್ತು.

ಮೂರು ಬಾಕಿ

ಜನವರಿ 1ರಂದು ಹೊಸ ಕಾಲನಿರ್ಣಯ ಕ್ಯಾಲೆಂಡರನ್ನು ಅಡುಗೆಮನೆಯ ಮೊಳೆಗೆ ತೂಗುಹಾಕುವ ಮುಂಚೆ ಅದರ ಮೊದಲ ಹಾಳೆಯ ಮೂಲೆಯಲ್ಲಿ ಬರೆದಿದ್ದೆ: ಬಾಕಿ ಮೂರು ಮುಗಿಯುವ ತನಕ ಹೊಸ ಸ್ವೆಟರಿಲ್ಲ.

ನಮ್ಮ ಮನೆಯವರಿಗೆಂದು ನಾಲ್ಕು ವರ್ಷದ ಹಿಂದೆ ತೊಡಗಿದ ನೀಲಿ ಸ್ವೆಟರು ಮೊದಲನೆಯದು. ತಲೆಯಿಂದ ತೂರಿಸಿಕೊಳ್ಳುವಂಥದ್ದು, ಒಂದು ತೋಳು ಬಾಕಿ. ಎರಡನೆಯದು ಒಂದು ಮೊಳ ಕಡಿಮೆ ಬಿದ್ದ ಹಸಿರು ಶಾಲು. ಮೂರನೆಯದು ಜೊತೆ ಕಾಣದ ಒಂಟಿ ಕಾಲುಚೀಲ.

ಹೆಣೆಯುವವರ ಮನೆಗಳಲ್ಲಿ ಇಂಥದೊಂದು ಚೀಲ ಇದ್ದೇ ಇರುತ್ತದೆ. ಹೊಸ ಉಣ್ಣೆಯ ಉಂಡೆ ಕೈಗೆ ಬಂದಾಗಿನ ಹುರುಪು ಎರಡನೇ ತೋಳಿನ ಹೊತ್ತಿಗೆ ಇರುವುದಿಲ್ಲ. ಮೊದಲ ತೋಳು ಹೆಣೆಯುವಾಗ ಪ್ರತಿ ಸಾಲೂ ಹೊಸದು. ಎರಡನೆಯದರಲ್ಲಿ ಎಲ್ಲವೂ ಗೊತ್ತಿದ್ದದ್ದೇ. ಕೈ ಅಲ್ಲಿ ಬೇಸರಪಡುತ್ತದೆ.

ಸಂಕಲ್ಪ ಜನವರಿಯಲ್ಲೇ ಯಾಕೆ ಹುಟ್ಟುತ್ತದೆ? ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಮೂವರು ಸಂಶೋಧಕರು 2014ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ವಾರದ, ತಿಂಗಳಿನ, ವರ್ಷದ ಆರಂಭದಲ್ಲಿ ಜನ ವ್ಯಾಯಾಮಶಾಲೆಗೆ ಹೆಚ್ಚು ಹೋಗುತ್ತಾರೆ, ಪಥ್ಯದ ವಿಚಾರ ಹೆಚ್ಚು ಹುಡುಕುತ್ತಾರೆ. ಹೊಸ ತಾರೀಖು ಹಳೆಯ ಸೋಲುಗಳನ್ನೆಲ್ಲ ಹಿಂದಿನ ಪುಟಕ್ಕೆ ಸೇರಿಸಿಬಿಡುತ್ತದೆ ಎಂಬುದು ಅವರ ವಿವರಣೆ.

ಆದರೆ ಹೊಸ ಪುಟವೂ ಬೇಗ ಹಳೆಯದಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಹೊಸ ವರ್ಷದ ಸಂಕಲ್ಪ ಮಾಡಿದ 200 ಜನರ ಬೆನ್ನು ಹತ್ತಿದರು. ಒಂದು ವಾರದ ಮಟ್ಟಿಗೆ ಮಾತು ಉಳಿಸಿಕೊಂಡವರು ಶೇ 77. ಎರಡು ವರ್ಷದ ಕೊನೆಗೆ ಉಳಿದವರು ಶೇ 19.

ನನ್ನ ಸಂಕಲ್ಪ ಮೊದಲ ವಾರ ದಾಟಿತು. ನೀಲಿ ಸ್ವೆಟರಿನ ತೋಳು ನಾಲ್ಕು ಬೆರಳಷ್ಟು ಬೆಳೆಯಿತು. ಎರಡನೇ ವಾರ ಫೋನು ಬಂತು.

"ಕೈ ಮ್ಯಾಲ ಏಳವಲ್ದು"

ಅವ್ವ ಧಾರವಾಡದಲ್ಲಿರುತ್ತಾಳೆ. ದಿನಾ ಸಂಜೆ ಏಳಕ್ಕೆ ನಮ್ಮ ಮಾತು.

"ಹೆಂಗಿದ್ದಿ ಅವ್ವಾ?"

"ಆರಾಮ ಅದೀನಿ. ಥಂಡಿ ಭಾಳ ಐತಿ ಈ ಸಲ. ಸ್ವೆಟರ್ ಹಾಕ್ಕೋಬೇಕಂದ್ರ ಕೈ ಮ್ಯಾಲ ಏಳವಲ್ದು. ನಿನ್ನೆ ಅರ್ಧಾ ತಲೀಗೆ ಸಿಕ್ಕೊಂಡು ಹಂಗ ಕುಂತಿದ್ದೆ. ಬಾಜೂ ಮನಿ ಹುಡುಗಿ ಬಂದು ಬಿಡಿಸಿದ್ಲು."

ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಬಲ ಭುಜ ಹಿಡಿದುಕೊಂಡಿದೆ ಎಂದು ದಸರೆಯಲ್ಲೇ ಹೇಳಿದ್ದಳು. ಆ ಭುಜ ಹೊತ್ತು ಒಂಟಿ ಮನೆಯಲ್ಲಿ, ಮುಖದ ಮೇಲೆ ಉಣ್ಣೆ ಎಳೆದುಕೊಂಡು, ಯಾರಾದರೂ ಬಂದಾರೆಂದು ಎಷ್ಟು ಹೊತ್ತು ಕೂತಿದ್ದಳೋ. ಆ ಸ್ವೆಟರು ಹತ್ತು ವರ್ಷದ ಹಿಂದೆ ನಾನೇ ಹೆಣೆದದ್ದು.

"ಮುಂದ ಗುಂಡಿ ಇರೋದು ಒಂದ ಹಾಕಿ ಕೊಡ್ತೀನಿ ಅವ್ವಾ. ನಾಳೆನ ಹೋಗಿ ಉಲ್ಲನ್ ತರ್ತೀನಿ."

"ಹೊಸಾ ಉಲ್ಲನ್ ಯಾಕ? ನಿನ್ನ ಕಡೆ ಅರ್ಧಾ ಆಗಿದ್ದು ಬಿದ್ದಾವಲ್ಲ, ಅದನ್ನ ಬಿಚ್ಚು."

"ಅದನ್ನ ಮುಗಸ್ಬೇಕಂತ ಮಾಡೀನಿ."

"ಮುಗಿಸಿದ್ರ ಯಾರ್ ಹಾಕ್ಕೋತಾರ ಅದನ್ನ?"

ಉತ್ತರ ಹೊಳೆಯಲಿಲ್ಲ. ಆ ನೀಲಿ ಸ್ವೆಟರಿಗಾಗಿ ಯಾರೂ ಕಾದಿರಲಿಲ್ಲ. ನಾಲ್ಕು ವರ್ಷದಲ್ಲಿ ನಮ್ಮ ಮನೆಯವರು ಅದನ್ನೊಮ್ಮೆಯೂ ಕೇಳಿರಲಿಲ್ಲ. ಮುಂಬಯಿಯ ಹವೆಯೂ ಕೇಳಿರಲಿಲ್ಲ.

ಏಳು ಡಿಗ್ರಿಯ ಒಂದು ಬೆಳಗು

ಕಡಲು ಈ ಊರನ್ನು ಬೆಚ್ಚಗಿಟ್ಟಿದೆ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ 17 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಉತ್ತರದ ಗಾಳಿ ಬಲವಾಗಿ ಬೀಸಿದ ಕೆಲವು ದಿನ ಮಾತ್ರ ಚಳಿ ಎಂಬುದು ಬಂದುಹೋಗುತ್ತದೆ. ಆರೆಯ ಕಾಡು, ಗುಡ್ಡ, ಕೆರೆಗಳ ನಡುವಿನ ಪವಾಯಿಯಲ್ಲಿ ಅದು ತುಸು ಹೆಚ್ಚು ತಾಗುತ್ತದೆ.

ಈ ಊರಿನ ಅತ್ಯಂತ ಚಳಿಯ ಬೆಳಗು ಬಂದದ್ದು 1962ರ ಜನವರಿಯಲ್ಲಿ. ಆ ತಿಂಗಳು ಸಾಂತಾಕ್ರೂಜಿನಲ್ಲಿ 7.4 ಡಿಗ್ರಿ, ಸಮುದ್ರಕ್ಕೆ ಅಂಟಿಕೊಂಡ ಕೊಲಾಬಾದಲ್ಲಿ 11.7 ಡಿಗ್ರಿ. ಆ ದಾಖಲೆ ಇನ್ನೂ ಮುರಿದಿಲ್ಲ.

ಅದೇ ವರ್ಷದ ಕೊನೆಯಲ್ಲಿ ಇಡೀ ದೇಶ ಹೆಣಿಗೆ ಕಡ್ಡಿ ಕೈಗೆತ್ತಿಕೊಂಡಿತು. ಅಕ್ಟೋಬರ್ 20ರಂದು ಚೀನಾದೊಂದಿಗೆ ಯುದ್ಧ ಶುರುವಾಯಿತು. ಹಿಮಾಲಯದ ಎತ್ತರದಲ್ಲಿ ನಮ್ಮ ಜವಾನರಿಗೆ ಸಾಕಷ್ಟು ಬೆಚ್ಚನೆಯ ಬಟ್ಟೆಯಿಲ್ಲ ಎಂಬ ಸುದ್ದಿ ಊರೂರಿಗೆ ಹಬ್ಬಿತು. ಮುಂಬಯಿಯ ಚಾಳುಗಳಿಂದ ಹಿಡಿದು ಸಣ್ಣ ಊರಿನ ಶಾಲೆಗಳವರೆಗೆ ಹೆಂಗಸರು, ಹುಡುಗಿಯರು ಸ್ವೆಟರು, ಮಫ್ಲರು, ಕಾಲುಚೀಲ ಹೆಣೆಯತೊಡಗಿದರು.

ಅವ್ವನಿಗೆ ಆಗ 12 ವರ್ಷ. ಧಾರವಾಡದ ಶಾಲೆಯಲ್ಲಿ ಅವರ ಬಾಯಾರು ಮಧ್ಯಾಹ್ನದ ಎರಡು ತಾಸು ಪಾಠ ನಿಲ್ಲಿಸಿ ಹುಡುಗಿಯರನ್ನು ಸಾಲಾಗಿ ಕೂರಿಸಿ ಹೆಣಿಗೆ ಕಲಿಸಿದರು. ಸೀದಾ ಒಂದು, ಉಲ್ಟಾ ಒಂದು. ಅವಳ ಪಾಲಿಗೆ ಬಂದದ್ದು ಒಂದು ಮಫ್ಲರು. ನವೆಂಬರ್ 21ರಂದು ಯುದ್ಧ ನಿಂತಾಗ ಅದು ಮುಗಿದಿರಲಿಲ್ಲ. ಬಾಯಾರು ಮುಗಿಸಲು ಹೇಳಿದರು. ಯುದ್ಧ ನಿಂತರೂ ಹಿಮ ನಿಂತಿಲ್ಲ ಎಂದರಂತೆ.

ಆ ಮಫ್ಲರು ಯಾರ ಕೊರಳಿಗೆ ಹೋಯಿತೋ ಅವ್ವನಿಗೆ ಗೊತ್ತಿಲ್ಲ. ಆದರೆ ಯಾರೋ ಒಬ್ಬರಿಗೆ ಅದು ಬೇಕಾಗಿತ್ತು. ಅವಳ ಹೆಣಿಗೆ ಹುಟ್ಟಿದ್ದೇ ಇನ್ನೊಬ್ಬರ ಚಳಿಯಿಂದ.

---

▌ಒಂದು ಯುದ್ಧ, ಮೂರು ಉಡುಪು

• ಕಾರ್ಡಿಗನ್: ಮುಂದೆ ತೆರೆಯುವ ಗುಂಡಿ ಸ್ವೆಟರು. ಕ್ರಿಮಿಯಾ ಯುದ್ಧದಲ್ಲಿ, 1854ರ ಅಕ್ಟೋಬರ್ 25ರಂದು, ಬ್ರಿಟಿಷ್ ಲಘು ಅಶ್ವದಳದ ದಾಳಿಗೆ ಮುಂದಾಳಾಗಿದ್ದ ಏಳನೇ ಅರ್ಲ್ ಆಫ್ ಕಾರ್ಡಿಗನ್‌ನಿಂದ ಬಂದ ಹೆಸರು.

• ರಾಗ್ಲನ್: ಕೊರಳಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ತೋಳು. ಅದೇ ಯುದ್ಧದ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಗ್ಲನ್ 1815ರ ವಾಟರ್ಲೂ ಕಾಳಗದಲ್ಲಿ ಬಲಗೈ ಕಳೆದುಕೊಂಡಿದ್ದ. ಅವನಿಗೆ ಅನುಕೂಲವಾಗಲೆಂದು ಈ ಸಡಿಲ ತೋಳು ಹುಟ್ಟಿತೆಂಬುದು ಪ್ರತೀತಿ.

• ಬಾಲಾಕ್ಲಾವಾ: ನಮ್ಮ ಮಂಕಿ ಕ್ಯಾಪು. ಕ್ರಿಮಿಯಾದ ಬಾಲಾಕ್ಲಾವಾ ಎಂಬ ಊರಿನ ಹೆಸರು. ಚಳಿಯಲ್ಲಿ ನಡುಗುತ್ತಿದ್ದ ಸೈನಿಕರಿಗೆ ತಾಯ್ನಾಡಿನಿಂದ ಉಣ್ಣೆಯ ಟೋಪಿಗಳು ಹೋಗಿದ್ದವು.

---

ತೋಳಿಗೆ ತಕ್ಕ ಭುಜ

ಸಿದ್ಧ ಸ್ವೆಟರು ತರಬಹುದಿತ್ತು. ಹುಬ್ಬಳ್ಳಿ, ಧಾರವಾಡದಲ್ಲಿ ಚಳಿಗಾಲ ಬಂತೆಂದರೆ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಸಾಲಾಗಿ ಏಳುತ್ತವೆ. 1966ರಲ್ಲಿ ಮುಂಡಗೋಡದಲ್ಲಿ ಶಿಬಿರ ಕಟ್ಟಿಕೊಂಡ ಮೇಲೆ ಅವರಿಗೂ ನಮ್ಮ ಉತ್ತರ ಕರ್ನಾಟಕಕ್ಕೂ ಬಿಡದ ನಂಟು. ಮುಂಬಯಿಯ ಪರೇಲಿನಲ್ಲೂ ಅವರ ಚಳಿಗಾಲದ ಸಂತೆ ನಡೆಯುತ್ತದೆ. ಅಲ್ಲಿ ಮಾರುವ ಮಾಲಿನಲ್ಲಿ ಬಹುಪಾಲು ಲುಧಿಯಾನದ ಕಾರ್ಖಾನೆಗಳದು. ಬೆಲೆಯೂ ಕೈಗೆಟಕುವಂಥದು.

ಆದರೆ ಯಂತ್ರದ ಸ್ವೆಟರು ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರ್ನಾಲ್ಕು ಅಳತೆಗಳಲ್ಲಿ ಜಗತ್ತನ್ನು ಹಂಚಿಕೊಂಡಿದೆ. ಬಲ ಕಂಕುಳು ಎರಡು ಬೆರಳು ಸಡಿಲ, ಗುಂಡಿ ದೊಡ್ಡದು, ಮುಂಗೈ ಬಿಗಿ ಎನ್ನುವ ಸ್ವೆಟರು ಯಾವ ರಾಶಿಯಲ್ಲೂ ಇರುವುದಿಲ್ಲ. ಅವ್ವನ ತೋಳು ಭುಜದಿಂದ ಮೇಲೇಳುವುದಿಲ್ಲ, ಮುಂದಕ್ಕೆ ಚಾಚುತ್ತದೆ. ಕಾರ್ಡಿಗನ್ನಿನ ತೆರೆದ ಎದೆ, ರಾಗ್ಲನ್ನಿನ ಓರೆ ತೋಳು ಎರಡೂ ಅವಳಿಗೆ ಬೇಕು. ಕೈ ಕಳೆದುಕೊಂಡವನೊಬ್ಬನ ಹೆಸರು ಹೊತ್ತ ತೋಳು, ಕೈ ಏಳದ ಅವ್ವನವರೆಗೆ ಬಂದು ಮುಟ್ಟಿತು.

ಒಂದೊಂದು ಮೈಗೂ ಬೇರೆಯಾಗಿ ಹೆಣೆಯುವ ಈ ಗುಣವೇ ಕೈಹೆಣಿಗೆಯ ಜೀವ. ಅದಕ್ಕೆ ಮುಂಬಯಿಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಹೆಂಗಸರಿಗಾಗಿ ಇಲ್ಲಿನ ಸಾಯಿಶಾ ಇಂಡಿಯಾ ಫೌಂಡೇಶನ್ 'ನಿಟೆಡ್ ನಾಕರ್ಸ್ ಇಂಡಿಯಾ' ಎಂಬ ಕೆಲಸ ನಡೆಸುತ್ತದೆ. ಸ್ವಯಂಸೇವಕಿಯರು ಮೆತ್ತಗಿನ ದಾರದಲ್ಲಿ ಕೃತಕ ಸ್ತನಗಳನ್ನು ಹೆಣೆಯುತ್ತಾರೆ. ಬೇಕಾದವರಿಗೆ ಅವು ಉಚಿತ. ಅಮೆರಿಕದಲ್ಲಿ ಬಾರ್ಬರಾ ಡೆಮೊರೆಸ್ಟ್ ಎಂಬಾಕೆ ತನ್ನದೇ ಶಸ್ತ್ರಚಿಕಿತ್ಸೆಯ ನಂತರ 2011ರಲ್ಲಿ ಆರಂಭಿಸಿದ ಕೆಲಸದ ಭಾರತೀಯ ಕವಲು ಇದು.

ಈ ಹೆಣೆದ ಸ್ತನಗಳು ತೂಕದ ಸಿಲಿಕೋನಿಗಿಂತ ಹಗುರ, ಗಾಯದ ಮೇಲೆ ಹಿತ. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಕೇಳಿ, ಅಷ್ಟೇ ಕುಣಿಕೆ ಎಣಿಸಿ ಮಾಡಿದ್ದು. ಬದಲಾದ ಮೈಯನ್ನು ತಿದ್ದಿಕೋ ಎನ್ನದೆ, ತಾನೇ ಅದಕ್ಕೆ ಹೊಂದಿಕೊಳ್ಳುವ ಕಸುಬು ಎಷ್ಟಿವೆ?

ಕಂಬಳಿಯ ನಾಡಿಗೆ ಬಂದ ಎರಡು ಕಡ್ಡಿ

ಉಣ್ಣೆ ನಮಗೆ ಹೊಸದಲ್ಲ. ಕುರುಬರ ಕಂಬಳಿ ಈ ನೆಲದ ಹಳೆಯ ಹೊದಿಕೆ. ದಖ್ಖನಿ ಕುರಿಯ ಒರಟು ಕೂದಲನ್ನು ಕತ್ತರಿಸಿ, ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿಮಗ್ಗದಲ್ಲಿ ನೇಯುತ್ತಾರೆ. ಚಳ್ಳಕೆರೆಯ ಕಂಬಳಿ ಹೆಸರುವಾಸಿ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ದೇವರ ಕಾರ್ಯಕ್ಕೆ ಗದ್ದುಗೆ, ಎಲ್ಲವೂ ಅದೇ.

ಆದರೆ ಅದು ನೇಯ್ಗೆ. ಎರಡು ಕಡ್ಡಿಯ ಹೆಣಿಗೆ ಈ ಕಡೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಕಾಲಿಟ್ಟಿತು. ಮಿಶನರಿಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದುಬರಹದ ಜೊತೆ ಸೂಜಿ ಕೆಲಸವೂ ಪಾಠವಾಗಿತ್ತು. ಶಾಲೆಯಿಂದ ಅದು ಪಡಸಾಲೆಗೆ, ಪಡಸಾಲೆಯಿಂದ ಬಾಣಂತಿ ಕೋಣೆಗೆ ನಡೆಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾವು ಆತುರದವರನ್ನು ಆಡಿಕೊಳ್ಳುತ್ತೇವೆ. ಹೆಣೆಯುವವರು ಮಾತ್ರ ಎಂದೂ ಹಾಗೇ ಮಾಡಬೇಕು. ಏಳನೇ ತಿಂಗಳಲ್ಲಿ ತೊಡಗಿದರೆ ಒಂಬತ್ತಕ್ಕೆ ಕುಲಾವಿ ಸಿದ್ಧ. ಹುಟ್ಟಿದ ಮೇಲೆ ತೊಡಗಿದರೆ ಟೋಪಿ ಮುಗಿಯುವ ಹೊತ್ತಿಗೆ ತಲೆ ಬೆಳೆದಿರುತ್ತದೆ. ಇನ್ನೂ ಕಾಣದ ತಲೆಯೊಂದು ಬರುತ್ತದೆಂಬ ಖಾತ್ರಿಯೇ ಆ ಕಡ್ಡಿಗಳನ್ನು ಆಡಿಸುತ್ತದೆ.

ನನ್ನ ಚೀಲದ ಮೂರು ಬಾಕಿಗಳಲ್ಲಿ ಇಲ್ಲದ್ದು ಆ ಖಾತ್ರಿ.

ಬಿಚ್ಚುವ ವಿದ್ಯೆ

ಭಾನುವಾರ ಮಧ್ಯಾಹ್ನ ನೀಲಿ ಸ್ವೆಟರನ್ನು ತೊಡೆಯ ಮೇಲೆ ಹರಡಿಕೊಂಡೆ. ಲುಧಿಯಾನದ ಅಸಲಿ ಉಣ್ಣೆ. ನಾಲ್ಕು ವರ್ಷವಾದರೂ ಬಣ್ಣ ಮಂಕಾಗಿರಲಿಲ್ಲ.

ಹೊಲಿದ ಬಟ್ಟೆಗೂ ಹೆಣೆದ ಬಟ್ಟೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಹೊಲಿದದ್ದು ಕತ್ತರಿ ಕಂಡಿರುತ್ತದೆ, ಮತ್ತೆ ಇಡಿಯಾಗುವುದಿಲ್ಲ. ಹೆಣಿಗೆ ಒಂದೇ ಎಳೆಯ ಓಟ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ತೂರಿಕೊಂಡು ಸಾವಿರಾರು ಸಲ ಮುಂದುವರಿದದ್ದು. ಕೊನೆಯ ಸಾಲಿನ ತುದಿ ಹಿಡಿದು ಎಳೆದರೆ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಏನೂ ಕಡಿಯುವುದಿಲ್ಲ, ಏನೂ ವ್ಯರ್ಥವಾಗುವುದಿಲ್ಲ.

ನಾವು ಮೂವರು ಮಕ್ಕಳಿದ್ದಾಗ ಮನೆಯಲ್ಲಿ ಮಳೆಗಾಲದ ಮೊದಲು ಈ ಕೆಲಸ ನಡೆಯುತ್ತಿತ್ತು. ಅಣ್ಣನಿಗೆ ಗಿಡ್ಡವಾದ ಸ್ವೆಟರನ್ನು ಅವ್ವ ಬಿಚ್ಚುತ್ತಿದ್ದಳು. ನಾನು ಎರಡೂ ಕೈ ಚಾಚಿ ಕೂರಬೇಕು, ಅವಳು ನನ್ನ ಕೈಗಳಿಗೆ ಉಣ್ಣೆಯ ಲಡಿ ಸುತ್ತಬೇಕು. ಬಿಚ್ಚಿದ ಎಳೆ ಸೇವಿಗೆಯಂತೆ ಸುರುಳಿ ಸುರುಳಿ. ಲಡಿಯನ್ನು ನಾಲ್ಕು ಕಡೆ ಸಡಿಲಾಗಿ ಕಟ್ಟಿ, ಉಗುರುಬೆಚ್ಚನೆಯ ನೀರಲ್ಲಿ ನೆನೆಸಿ, ಹಿಂಡದೆ, ಕೆಳಗೊಂದು ಸಣ್ಣ ಭಾರ ಕಟ್ಟಿ ನೆರಳಲ್ಲಿ ತೂಗುಹಾಕುತ್ತಿದ್ದಳು. ಎರಡು ದಿನಕ್ಕೆ ಸುರುಳಿ ನೆಟ್ಟಗೆ. ಅಣ್ಣನ ಸ್ವೆಟರು ನನ್ನದಾಗುತ್ತಿತ್ತು. ನನ್ನದು ತಂಗಿಯ ಟೋಪಿಯಾಗುತ್ತಿತ್ತು.

ಹೀಗೆ ಬಿಚ್ಚುವುದನ್ನು ಆಗ ಯಾರೂ ಸೋಲು ಎಂದದ್ದಿಲ್ಲ. ಮೈ ಬದಲಾಯಿತು, ಉಣ್ಣೆ ಅದರ ಹಿಂದೆ ಹೋಯಿತು, ಅಷ್ಟೇ.

ನಾಲ್ಕು ವರ್ಷದ ಕೆಲಸ ನಲವತ್ತು ನಿಮಿಷದಲ್ಲಿ ಎಳೆಯಾಯಿತು. ಪಕ್ಕೆಯ ಹೊಲಿಗೆ ಬಿಡಿಸಿದೆ. ಕೊರಳಿನ ಕೊನೆಯ ಗಂಟು ಹುಡುಕಿ ಬಿಚ್ಚಿದೆ. ಆಮೇಲೆ ಸಾಲುಗಳು ಒಂದರ ಹಿಂದೊಂದು ಪಟಪಟನೆ ಕಳಚಿಕೊಂಡವು. ಅಡುಗೆಮನೆಯ ಸ್ಟೂಲನ್ನು ತಲೆಕೆಳಗು ಮಾಡಿ ಅದರ ಕಾಲುಗಳಿಗೆ ಲಡಿ ಸುತ್ತಿದೆ. ಅವ್ವನ ಕಡೆ ನನ್ನ ಕೈಗಳಿದ್ದವು, ನನ್ನ ಕಡೆ ಸ್ಟೂಲು.

ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಬರ್ಲಿನ್‌ನಲ್ಲಿ ಮಾಡಿ 1927ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ತಡೆದ ಕೆಲಸ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಆಕೆ ತೋರಿಸಿದಳು. ಮುಂದಿನ ಪ್ರಯೋಗಗಳು ಆ ಮಾತನ್ನು ಒಂದೇ ದನಿಯಲ್ಲಿ ಒಪ್ಪಲಿಲ್ಲ. ಆದರೆ ದಿವಾನದ ಕೆಳಗೊಂದು ಚೀಲ ಇಟ್ಟುಕೊಂಡವರಿಗೆ ಆ 'ತಡೆದ ಕೆಲಸ'ದ ಮುಳ್ಳು ಗೊತ್ತು. ಕೊನೆಯ ಸಾಲು ಕಳಚಿದಾಗ ಆ ಮುಳ್ಳು ಹೋಯಿತು. ನೀಲಿ ಸ್ವೆಟರು ನನ್ನ ಬಾಕಿಯ ಪಟ್ಟಿಯಿಂದ ಇಳಿದು ಮತ್ತೆ ಉಣ್ಣೆಯಾಯಿತು.

ಕಿಟಕಿಯಿಂದ ಕೆರೆಯ ಒಂದು ತುಂಡು ಕಾಣುತ್ತದೆ. 1891ರಲ್ಲಿ ಒಡ್ಡು ಹಾಕಿ ಅದನ್ನು ಕಟ್ಟಿದ್ದು ಮುಂಬಯಿಗೆ ಕುಡಿಯುವ ನೀರು ಕೊಡಲೆಂದು. ನೀರು ಕುಡಿಯಲು ಯೋಗ್ಯವಲ್ಲವೆಂದಾಯಿತು. ಕೆರೆಯನ್ನು ಯಾರೂ ಒಡೆದುಹಾಕಲಿಲ್ಲ. ಅದು ತೋಟಗಳಿಗೆ, ಕಾರ್ಖಾನೆಗಳಿಗೆ ನೀರಾಯಿತು, ಮೊಸಳೆಗಳಿಗೂ ಹಕ್ಕಿಗಳಿಗೂ ಮನೆಯಾಯಿತು, ಬೆಳಗಿನ ಆರೂವರೆಗೆ ಮಂಕಿ ಕ್ಯಾಪಿನ ಹಿರಿಯರಿಗೆ ಬೀದಿಯಾಯಿತು. ತೊಡಗಿದ್ದು ಒಂದಕ್ಕೆ, ಒದಗಿದ್ದು ಇನ್ನೊಂದಕ್ಕೆ. ಪವಾಯಿ ಎಂಬ ಊರು ಅದರ ಸುತ್ತ ಬೆಳೆಯಿತು.

---

▌ಹೆಣೆಯುವವರ ಮಾತು

• ಸ್ಟಾರ್ಟೈಟಿಸ್: ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ತೊಡಗುವ ಗೀಳಿಗೆ ಇಂಗ್ಲಿಷ್ ಹೆಣಿಗೆಯವರು ಇಟ್ಟ ಹೆಸರು.

• ಯುಎಫ್‌ಒ: ಹಾರುವ ತಟ್ಟೆಯಲ್ಲ, 'ಮುಗಿಯದ ವಸ್ತು' ಎಂಬುದರ ಇಂಗ್ಲಿಷ್ ಮೊದಲಕ್ಷರಗಳು.

• ಫ್ರಾಗಿಂಗ್: ಬಿಚ್ಚುವುದು. 'ರಿಪ್ ಇಟ್, ರಿಪ್ ಇಟ್' ಎಂಬುದು ಕಪ್ಪೆ ವಟಗುಟ್ಟಿದಂತೆ ಕೇಳಿಸುವುದರಿಂದ ಬಂದ ಮಾತು.

• ಟಾಕಾ: ಮರಾಠಿಯಿಂದ ಬಂದದ್ದು, ನಮ್ಮ ಧಾರವಾಡದ ಕಡೆ ಕುಣಿಕೆಗೂ ಹೊಲಿಗೆಗೂ ಇದೇ ಮಾತು.

• ನೆಮ್ಮದಿ: 2013ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ 3,545 ಮಂದಿ ಹೆಣೆಯುವವರು ಪಾಲ್ಗೊಂಡಿದ್ದರು. ಹೆಚ್ಚು ಸಲ ಹೆಣೆಯುವವರೇ ಹೆಚ್ಚು ಶಾಂತವಾಗಿರುತ್ತೇವೆ ಎಂದರು.

---

ಐದು ಗಂಟಿನ ದಾರ

ಉಣ್ಣೆ ಒಣಗುವಷ್ಟರಲ್ಲಿ ಅಳತೆ ಬೇಕಿತ್ತು. ನನ್ನ ಹಳೆಯ ನೋಟುಪುಸ್ತಕದಲ್ಲಿ ಅವ್ವನ ಎದೆಯ ಸುತ್ತಳತೆ ಬರೆದಿಟ್ಟಿದ್ದೆ, 38 ಇಂಚು. ಆದರೂ ಒಮ್ಮೆ ಕೇಳೋಣ ಎಂದು ಫೋನು ಮಾಡಿದೆ. ಟೇಪು ಕಾಣುತ್ತಿಲ್ಲ, ದಾರದಲ್ಲಿ ಅಳೆದು ಕಳಿಸುತ್ತೇನೆ ಎಂದಳು.

ಬಾಜೂ ಮನೆಯ ಹುಡುಗಿ ಅಳೆದಳು. ಆಕೆಯ ಅಣ್ಣ ಕೆಲಸದ ಮೇಲೆ ರಾತ್ರಿ ಬಸ್ಸಿನಲ್ಲಿ ಮುಂಬಯಿಗೆ ಬರುವವನಿದ್ದ. ಸಂಕ್ರಾಂತಿಯ ಮುನ್ನಾದಿನ ಅವನ ಕೈಯಲ್ಲಿ ಎಳ್ಳುಬೆಲ್ಲದ ಡಬ್ಬಿ ಬಂತು. ಮುಚ್ಚಳದ ಕೆಳಗೆ ಮಡಚಿಟ್ಟ ಬಿಳಿ ದಾರ.

ದಾರ ಒಂದೇ, ಗಂಟು ಐದು. ಒಂದು ತುದಿಯಿಂದ ಎಣಿಸುತ್ತ ಹೋಗಬೇಕು. ಮೊದಲ ಗಂಟು ಮಣಿಕಟ್ಟು. ಎರಡನೆಯದು ತೋಳಿನ ಸುತ್ತು. ಮೂರನೆಯದು ತೋಳಿನ ಉದ್ದ. ನಾಲ್ಕನೆಯದು ಮೈಯ ಉದ್ದ. ಐದನೆಯದು ಎದೆ. ಬಟ್ಟೆ ಅಳೆಯುವ ಈ ಹಳೆಯ ರೀತಿಯಲ್ಲಿ ಒಬ್ಬ ಹೆಂಗಸಿನ ಮೈಯೆಲ್ಲ ಎರಡು ಮೊಳಕ್ಕೂ ಕಡಿಮೆ ದಾರದಲ್ಲಿ ಅಡಗಿತ್ತು.

ದಾರವನ್ನು ಟೇಪಿನ ಪಕ್ಕ ಹಾಸಿದೆ. 6. 11. 17. 22. ಕೊನೆಯ ಗಂಟು 34ರ ಮೇಲೆ ಬಂತು.

ಮತ್ತೊಮ್ಮೆ ಎಳೆದು ನೋಡಿದೆ. 34. ಹುಡುಗಿ ತಪ್ಪು ಅಳೆದಿರಬೇಕೆಂದು ಫೋನು ಮಾಡಿದೆ. ಅವಳು ಎರಡು ಸಲ ಅಳೆದಿದ್ದಳು.

ವಾರಕ್ಕೆ ಏಳು ಸಲ ಮಾತಾಡುತ್ತೇನೆ. ವರ್ಷಕ್ಕೆ ಎರಡು ಸಲ ಹೋಗಿಬರುತ್ತೇನೆ. ಅವ್ವ ಸೀರೆಯ ಸೆರಗು ಹೊದ್ದು ಬಾಗಿಲಲ್ಲಿ ನಿಂತಾಗ ನನ್ನ ಕಣ್ಣಿಗೆ ಹತ್ತು ವರ್ಷದ ಹಿಂದಿನವಳೇ ಕಾಣುತ್ತಾಳೆ. ನಾಲ್ಕು ಇಂಚು ಅವ್ವ ಯಾವಾಗ ಕಡಿಮೆಯಾದಳೋ ನನಗೆ ತಿಳಿಯಲೇ ಇಲ್ಲ. ದಾರ ಹೇಳಿತು.

ಹಳೆಯ ಸ್ವೆಟರಿನೊಳಗೆ ಅವಳು ಸಿಕ್ಕಿಕೊಂಡದ್ದು ಭುಜದ ನೋವಿನಿಂದ ಮಾತ್ರವಲ್ಲ ಎಂಬುದೂ ಆಗ ಹೊಳೆಯಿತು. ಅದು ಅವಳಿಗೆ ದೊಡ್ಡದಾಗಿತ್ತು. ದೊಡ್ಡ ಉಣ್ಣೆಯ ಮಡಿಕೆಗಳಲ್ಲಿ ದಾರಿ ತಪ್ಪಿದ ಕೈ.

---

▌ಒಂದು ಸ್ವೆಟರಿನ ಲೆಕ್ಕ

• ಅಳತೆಯ ತುಂಡು: 10 ಸೆಂ.ಮೀ. ಅಗಲಕ್ಕೆ 20 ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ 28 ಸಾಲು.

• ಎದೆ 34 ಇಂಚು, ಸಡಿಲಕ್ಕೆ 4 ಇಂಚು, ಒಟ್ಟು 38 ಇಂಚು ಅಥವಾ ಸುಮಾರು 96 ಸೆಂ.ಮೀ. ಅಂದರೆ 192 ಕುಣಿಕೆ.

• ಉಳಿದ ಅಳತೆಗೆ ಎಲಿಜಬೆತ್ ಜಿಮ್ಮರ್‌ಮನ್ (1910–1999) ಸೂತ್ರ: ಎದೆಯ ಕುಣಿಕೆಗಳು ಶೇ 100 ಎಂದಿಟ್ಟುಕೊಂಡರೆ ಮೇಲ್ತೋಳು ಸುಮಾರು ಶೇ 33, ಮಣಿಕಟ್ಟು ಶೇ 20, ಕೊರಳು ಶೇ 40.

• ಮೈ, ಎರಡು ತೋಳು ಸೇರಿ 40 ಸಾವಿರ ಕುಣಿಕೆಯ ಆಸುಪಾಸು. ನಿಮಿಷಕ್ಕೆ 25 ಹೆಣೆದರೆ ಸುಮಾರು 27 ಗಂಟೆ. ದಿನಕ್ಕೊಂದು ಗಂಟೆ ಕೂತರೆ ನಾಲ್ಕು ವಾರ.

---

ಯಾರು ಹಾಕ್ಕೋತಾರ?

ಕಾಲನಿರ್ಣಯದ ಮೂಲೆಯಲ್ಲಿದ್ದ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ಅವ್ವನ ಪ್ರಶ್ನೆಯನ್ನು ಬರೆದೆ. ಈಗ ನನ್ನ ನಿಯಮ ಅದು.

ಹಸಿರು ಶಾಲಿಗೆ ಆ ಪ್ರಶ್ನೆ ಕೇಳಿದೆ. ಉತ್ತರ ಸಿಕ್ಕಿತು. ನಮ್ಮ ಕಟ್ಟಡದ ಕೆಳಗೆ ರಾತ್ರಿ ಪಾಳಿ ಮಾಡುವ ಕಾವಲಿನವರು ಕುರ್ಚಿಯ ಮೇಲೆ ಗೋಣಿತಾಟು ಸುತ್ತಿಕೊಂಡು ಕೂರುತ್ತಾರೆ. ಬಾಕಿ ಒಂದು ಮೊಳ ನಾಲ್ಕು ಸಂಜೆಯ ಕೆಲಸ. ಅದನ್ನು ಮುಗಿಸಿ ಕೊಟ್ಟೆ. ಒಂಟಿ ಕಾಲುಚೀಲಕ್ಕೆ ಉತ್ತರವಿರಲಿಲ್ಲ. ಬಿಚ್ಚಿ ಸಣ್ಣ ಉಂಡೆ ಮಾಡಿಟ್ಟಿದ್ದೇನೆ. ಒಂದು ಕುಲಾವಿಗೆ ಸಾಕು. ಯಾರದೋ ಕೂಸು ಬರುತ್ತದೆ.

ಚೀಲದಲ್ಲಿ ಅರ್ಧ ಹೆಣಿಗೆ ಇಟ್ಟುಕೊಂಡು ಪ್ರತಿ ಜನವರಿಯಲ್ಲಿ ತಮ್ಮನ್ನು ತಾವೇ ಬೈದುಕೊಳ್ಳುವವರು ಬಹಳ ಜನ. ಹೆಚ್ಚಿನವರು ಹೆಂಗಸರು. ಮನೆಯ ಉಳಿದೆಲ್ಲ ಬಾಕಿಗಳ ಜೊತೆ ಇದನ್ನೂ ಲೆಕ್ಕಕ್ಕೆ ಸೇರಿಸಿಕೊಂಡವರು. ಅವರಿಗೆ ನಾನು ಹೇಳುವುದಿಷ್ಟೆ: ಹೆಣಿಗೆ ಸಾಲವಲ್ಲ. ಅದನ್ನು ಕ್ಯಾಲೆಂಡರಿಗೆ ತೀರಿಸಬೇಕಿಲ್ಲ. ಅದಕ್ಕೆ ಕಾದಿರುವ ಮೈಯೊಂದಿದ್ದರೆ ಮುಗಿಸಿ. ಇಲ್ಲದಿದ್ದರೆ ಬಿಚ್ಚಿ. ಎಳೆ ಹಾಗೇ ಉಳಿದಿರುತ್ತದೆ, ನಿಮ್ಮ ಕೈ ಕಲಿತದ್ದೂ ಉಳಿದಿರುತ್ತದೆ. ಚಳಿಯಲ್ಲಿರುವವರು ಎಲ್ಲಿದ್ದಾರೆಂದು ಮಾತ್ರ ನೋಡಿ.

ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತ ಹೋಗುತ್ತದೆ ಎನ್ನುತ್ತಾರೆ. ಅದಕ್ಕಿನ್ನೂ ನಾಲ್ಕು ವಾರವಿತ್ತು, ಲೆಕ್ಕಕ್ಕೆ ಸರಿಯಾಗಿ.

ಸಂಕ್ರಾಂತಿಯ ಸಂಜೆ. ಕೆಳಗೆ ಅಂಗಳದಲ್ಲಿ ಮರಾಠಿ ಮನೆಗಳ ಹೆಂಗಸರು ಕಪ್ಪು ಸೀರೆಯುಟ್ಟು ಎಳ್ಳಿನ ಉಂಡೆ ಹಂಚುತ್ತಿದ್ದರು. ಚಳಿಗಾಲದ ಈ ಹಬ್ಬಕ್ಕೆ ಅವರಲ್ಲಿ ಕಪ್ಪು ಬಣ್ಣ, ಬಿಸಿಲನ್ನು ಹೀರಿ ಮೈ ಬೆಚ್ಚಗಿಡಲೆಂದು. ಅವರ ಉಂಡೆ ನನಗೆ ಬಂತು, ಅವ್ವನ ಎಳ್ಳುಬೆಲ್ಲ ಅವರಿಗೆ ಹೋಯಿತು. ಬಾಗಿಲು ಹಾಕಿಕೊಂಡು ಬಂದು ಉದ್ದ ತಂತಿಯ ಕಡ್ಡಿ ತೆಗೆದುಕೊಂಡೆ.

ತೊಳೆದ ನೀಲಿ ಉಣ್ಣೆ ಮೊದಲಿಗಿಂತ ಮೆತ್ತಗಾಗಿತ್ತು. ಮೊದಲ ಗಂಟು ಹಾಕಿದೆ. ಹತ್ತತ್ತರ ಗುಂಪಾಗಿ ಕುಣಿಕೆಗಳನ್ನು ಕಡ್ಡಿಗೆ ಏರಿಸುತ್ತ ಹೋದೆ. ಐವತ್ತು. ನೂರು. ನೂರೈವತ್ತು. ಹಳೆಯ ನೋಟುಪುಸ್ತಕದಲ್ಲಿ ಅವ್ವನ ಲೆಕ್ಕ 212 ಎಂದಿತ್ತು, ಕೈಗೆ ಅದೇ ನೆನಪು. 190, 191, 192. ಬೆರಳು ಮುಂದಿನ ಕುಣಿಕೆಗೆ ಎಳೆ ಎತ್ತಿತ್ತು.

ಅಲ್ಲಿಗೆ ನಿಲ್ಲಿಸಿದೆ. ಕಡ್ಡಿ ತಿರುಗಿಸಿ ಮೊದಲ ಸಾಲು ಶುರುಮಾಡಿದೆ.